ಬಿರುಗಾಳಿಯ ಋತುವಿನಲ್ಲಿ ಹಡಗಿಗೆ ನೆಲೆ

ಒಳನಾಡಿನಲ್ಲಿ ನೆಲೆಸಿರುವ ನಮಗೆ ಹಡಗೆಂದರೆ ಸಂಚರಿಸುವ ವಸ್ತುವಾಗಿ ತೋರುವುದೇ ಹೊರತು ನಿಲ್ಲಿಸಿ ಕಾಪಾಡಬೇಕಾದ ವಸ್ತುವಾಗಿ ತೋರುವುದಿಲ್ಲ. ನೌಕಾಚರಿತ್ರೆಯನ್ನು ಓದುವಾಗಲೂ ಹಡಗುಗಳು ಎಲ್ಲಿಂದ ಹೊರಟವು, ಎಲ್ಲಿಗೆ ಸೇರಿದವು, ಯಾರೊಡನೆ ಕಾದಿದವು ಎಂಬುದನ್ನೇ ಗಮನಿಸುತ್ತೇವೆ. ವರ್ಷದ ಕೆಲವು ತಿಂಗಳು ಅವು ಎಲ್ಲಿ ಸುಮ್ಮನೆ ನಿಂತಿದ್ದವು, ಏತಕ್ಕಾಗಿ ನಿಂತಿದ್ದವು ಎಂದು ಕೇಳುವವರು ವಿರಳ. ಆದರೆ ಲೋಕದ ಕೆಲವು ಕಡಲುಗಳಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯದಿದ್ದರೆ ಉಳಿದ ಯಾವ ಪ್ರಶ್ನೆಯೂ ಏಳುವಂತಿರಲಿಲ್ಲ. ಗಾಳಿಯಿಂದ ಮರೆಯಾದ ಒಂದು ಸಣ್ಣ ಕೊಲ್ಲಿ ಒಂದು ದೊಡ್ಡ ನೌಕಾಬಲಕ್ಕೆ ಆಧಾರವಾಗಿ ನಿಂತುದುಂಟು. ಅಂಥ ಒಂದು ಕೊಲ್ಲಿಯ ವೃತ್ತಾಂತವನ್ನೂ, ಅದಕ್ಕಾಗಿ ಮನುಷ್ಯರು ತೆತ್ತ ಬೆಲೆಯನ್ನೂ ಈ ಹೊತ್ತು ವಿಚಾರಿಸೋಣ.

ಉತ್ತರ ಮತ್ತು ದಕ್ಷಿಣ ಅಮೆರಿಕಗಳ ನಡುವೆ, ಅಟ್ಲಾಂಟಿಕ್ ಸಾಗರದ ಪಶ್ಚಿಮದ ಅಂಚಿನಲ್ಲಿ, ಬಿಲ್ಲಿನಂತೆ ಬಾಗಿರುವ ದ್ವೀಪಮಾಲೆಯೊಂದುಂಟು. ಇವೇ ವೆಸ್ಟ್ ಇಂಡೀಸ್ ದ್ವೀಪಗಳು. ಇವುಗಳ ಒಳಗಣ ಕಡಲು ಕ್ಯಾರಿಬಿಯನ್ ಸಮುದ್ರ. ಪ್ರತಿ ವರ್ಷವೂ ಜೂನ್ ತಿಂಗಳಿಂದ ನವೆಂಬರ್ ಕಡೆಯವರೆಗೆ ಇಲ್ಲಿ ಚಂಡಮಾರುತಗಳ ಭೀತಿಯಿರುತ್ತದೆ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಅವುಗಳ ಉಗ್ರತೆ ಹೆಚ್ಚು. ಇವಕ್ಕೆ ಹರಿಕೇನ್ ಎಂದು ಹೆಸರು. ಆ ದ್ವೀಪಗಳ ಮೂಲನಿವಾಸಿಗಳಾದ ಟೈನೋ ಜನರ ಮಾತು ಸ್ಪೇನಿನವರ ಬಾಯಿಯಿಂದ ಯೂರೋಪಿನ ಭಾಷೆಗಳಿಗೆ ಬಂದು ಈ ರೂಪವನ್ನು ತಾಳಿತು. ಯೂರೋಪಿನ ನಾವಿಕರು ತಮ್ಮ ಕಡಲುಗಳಲ್ಲಿ ಇಂಥ ಗಾಳಿಯನ್ನು ಕಂಡಿರಲಿಲ್ಲವಾದುದರಿಂದ ಅದಕ್ಕೆ ತಕ್ಕ ಹೆಸರೂ ಅವರಲ್ಲಿ ಇರಲಿಲ್ಲ.

ನಮ್ಮ ಪಶ್ಚಿಮ ಕರಾವಳಿಯವರಿಗೂ ಗಾಳಿಯ ಋತು ಹೊಸತಲ್ಲ. ನೈಋತ್ಯದ ಮಳೆಗಾಳಿ ಮೊದಲಾಗುವ ಮುನ್ನ ಕನ್ನಡ ಜಿಲ್ಲೆಗಳ ಬೆಸ್ತರು ದೋಣಿಗಳನ್ನು ದಡದ ಮೇಲಕ್ಕೆ ಎಳೆದು ಮಡಲು ಹೊದಿಸುವುದು, ಇಲ್ಲವೇ ಅಳಿವೆಯನ್ನು ದಾಟಿ ಹೊಳೆಯೊಳಕ್ಕೆ ತಂದು ಕಟ್ಟುವುದು ಹಿಂದಿನಿಂದ ಬಂದ ವಾಡಿಕೆ. ನೂಲಹುಣ್ಣಿಮೆಯಲ್ಲಿ ಕಡಲಿಗೆ ಹಾಲು ತೆಂಗಿನಕಾಯಿಗಳನ್ನು ಅರ್ಪಿಸಿದ ಮೇಲೆ ಮತ್ತೆ ನೀರಿಗಿಳಿಯುತ್ತಾರೆ. ಆದರೆ ಈ ಮಳೆಗಾಳಿಗೆ ಒಂದು ನಿಯಮವುಂಟು. ಅದು ಬರುವ ಕಾಲವನ್ನೂ ದಿಕ್ಕನ್ನೂ ಬಲ್ಲವರು ಬಲ್ಲರು. ಹರಿಕೇನ್ ಅಂಥದಲ್ಲ. ಆ ಋತುವಿನಲ್ಲಿ ಅನೇಕ ವಾರಗಳು ಶಾಂತವಾಗಿಯೇ ಕಳೆಯಬಹುದು. ಅನಂತರ ಒಂದೇ ಇರುಳಿನಲ್ಲಿ ಸರ್ವನಾಶವಾಗಬಹುದು. ಭೂಮಧ್ಯರೇಖೆಯ ಉತ್ತರಕ್ಕೆ ಅದು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವ ಸುಳಿ. ಅದರ ನಡುವಣ ಕಣ್ಣು ಒಂದು ಊರಿನ ಮೇಲೆ ಹಾದುಹೋದರೆ ಮೊದಲು ಒಂದು ದಿಕ್ಕಿನಿಂದ ಗಾಳಿ ಅಪ್ಪಳಿಸುತ್ತದೆ. ಅನಂತರ ಸ್ವಲ್ಪ ಹೊತ್ತು ಸ್ತಬ್ಧತೆ. ಆಮೇಲೆ ಅದೇ ಗಾಳಿ ಎದುರು ದಿಕ್ಕಿನಿಂದ ಎರಗುತ್ತದೆ. ಪೂರ್ವದ ಗುಡ್ಡದ ಮರೆಯಲ್ಲಿ ಕ್ಷೇಮವಾಗಿದ್ದ ಹಡಗು ಆ ಎರಡನೆಯ ಏಟಿಗೆ ಬಂಡೆಯ ಮೇಲೆ ಬೀಳಬಹುದು. ಇದರ ಜೊತೆಗೆ ಕಡಲೂ ಉಬ್ಬಿ ದಡವನ್ನು ಮುಳುಗಿಸುತ್ತದೆ. ಆದುದರಿಂದ ಇಂಥ ಗಾಳಿಯಿಂದ ಪಾರಾಗಬೇಕಾದ ಹಡಗಿಗೆ ಎಲ್ಲ ಕಡೆಯಿಂದಲೂ ಮರೆ ಬೇಕು. ಅಂಥ ನೆಲೆಗಳು ಬಹು ಕಡಮೆ.

ನೆಲೆ ಇದ್ದರೂ ದೊರೆಯದೆ ಹೋಗುವುದುಂಟು ಎಂಬುದಕ್ಕೆ ಕ್ರಿ.ಶ. 1502ರ ಪ್ರಸಂಗವೇ ಸಾಕ್ಷಿ. ಆ ವರ್ಷ ಜೂನ್ ತಿಂಗಳ ಕೊನೆಯಲ್ಲಿ ಕೊಲಂಬಸನು ನಾಲ್ಕು ಹಡಗುಗಳೊಡನೆ ಹಿಸ್ಪಾನಿಯೋಲ ದ್ವೀಪದ ಸ್ಯಾಂಟೋ ಡೊಮಿಂಗೊ ನಗರದ ಮುಂದೆ ಬಂದು ನಿಂತನು. ಬಿರುಗಾಳಿಯ ಕುರುಹುಗಳು ಅವನಿಗೆ ಗೋಚರಿಸಿದ್ದವು. ಬಂದರಿನೊಳಗೆ ಆಶ್ರಯ ಕೊಡಬೇಕೆಂದೂ, ಸ್ಪೇನಿಗೆ ಹೊರಡಲು ಅಣಿಯಾಗಿದ್ದ ಸುಮಾರು 30 ಹಡಗುಗಳನ್ನು ತಡೆಯಬೇಕೆಂದೂ ಅವನು ಅಧಿಪತಿಯಾದ ಓವಾಂಡೋವಿಗೆ ಹೇಳಿಕಳುಹಿಸಿದನು. ಓವಾಂಡೋ ಎರಡಕ್ಕೂ ಒಪ್ಪಲಿಲ್ಲ. ಕೊಲಂಬಸನು ಹತ್ತಿರದ ತೀರದಲ್ಲಿ ಮರೆಯನ್ನು ಹುಡುಕಿಕೊಂಡನು. ಗಾಳಿಗೆ ಅವನ ಮೂರು ಹಡಗುಗಳು ಲಂಗರು ಕಿತ್ತು ಕಡಲಿಗೆ ಹೋದರೂ ಕೊನೆಗೆ ನಾಲ್ಕೂ ಕ್ಷೇಮವಾಗಿ ಕೂಡಿಕೊಂಡವು. ಹೊರಟುಹೋಗಿದ್ದ ದೊಡ್ಡ ಪಡೆಯಾದರೋ ಬಹುಮಟ್ಟಿಗೆ ನಾಶವಾಯಿತು. ಸುಮಾರು 500 ಜನ ಮಡಿದರು. ಹಿಂದೆ ಕೊಲಂಬಸನಿಗೆ ಸಂಕೋಲೆ ಹಾಕಿಸಿ ಸ್ಪೇನಿಗೆ ಕಳುಹಿಸಿದ್ದ ಬೊಬಾಡಿಲ್ಲನೂ ಅವರಲ್ಲಿ ಒಬ್ಬನಾಗಿದ್ದನು. ಬಂದರು ಕೈಯಲ್ಲಿದ್ದವರಿಗೆ ಅರಿವಿರಲಿಲ್ಲ; ಅರಿವಿದ್ದವನಿಗೆ ಬಂದರು ಸಿಕ್ಕಲಿಲ್ಲ.

ಮುಂದಿನ ಎರಡು ಶತಮಾನಗಳಲ್ಲಿ ಸ್ಪೇನ್, ಫ್ರಾನ್ಸ್, ಇಂಗ್ಲೆಂಡ್, ಹಾಲೆಂಡುಗಳು ಈ ದ್ವೀಪಗಳಿಗಾಗಿ ಹೋರಾಡಿದವು. ಕಬ್ಬಿನ ತೋಟಗಳಿಂದ ಬರುವ ಸಕ್ಕರೆಯೇ ಇದಕ್ಕೆ ಮುಖ್ಯ ಕಾರಣ. ವ್ಯಾಪಾರದ ಹಡಗುಗಳು ಬೇಸಗೆಯಲ್ಲಿ ಸಕ್ಕರೆಯನ್ನು ತುಂಬಿಕೊಂಡು ಹರಿಕೇನಿನ ಕಾಲಕ್ಕೆ ಮುನ್ನವೇ ಹೊರಟುಹೋಗಲು ಯತ್ನಿಸುತ್ತಿದ್ದವು. ತಡಮಾಡಿದ ಹಡಗಿಗೆ ವಿಮೆಯ ದರವೂ ಏರುತ್ತಿತ್ತು. ದ್ವೀಪಗಳನ್ನು ಕಾಯಬೇಕಾದ ಯುದ್ಧದ ಹಡಗುಗಳಿಗೆ ಈ ಸೌಕರ್ಯವಿರಲಿಲ್ಲ. ಋತುವಿಗೆ ಹೆದರಿ ಅವು ಸ್ವದೇಶಕ್ಕೆ ಹೋದರೆ ದ್ವೀಪಗಳು ಶತ್ರುವಿನ ಪಾಲಾಗುವ ಭಯ. ಹೋಗದಿದ್ದರೆ ಗಾಳಿಯ ಪಾಲಾಗುವ ಭಯ. ಈ ಇಕ್ಕಟ್ಟಿಗೆ ಬ್ರಿಟಿಷರು ಕಂಡುಕೊಂಡ ಪರಿಹಾರವೇ ಆಂಟಿಗ್ವ ದ್ವೀಪದ ದಕ್ಷಿಣ ತೀರದಲ್ಲಿರುವ ಇಂಗ್ಲಿಷ್ ಹಾರ್ಬರ್ ಎಂಬ ಕೊಲ್ಲಿ.

ಈ ಕೊಲ್ಲಿಯ ರಚನೆ ವಿಚಿತ್ರವಾದುದು. ಇದರ ಬಾಯಿ ಇಕ್ಕಟ್ಟು. ಬಾಯಿಯ ಪಕ್ಕದಲ್ಲಿ ನೆಲದ ನಾಲಗೆಯೊಂದು ಚಾಚಿಕೊಂಡು ಕಡಲಿನ ಅಲೆಯನ್ನು ತಡೆಯುತ್ತದೆ. ಒಳಗೆ ಬಂದ ನೀರು ತಿರುವು ತಿರುವಾಗಿ ಗುಡ್ಡಗಳ ನಡುವೆ ಸೇರಿಕೊಂಡಿರುವುದರಿಂದ ಒಳಗಣ ಹಡಗು ಹೊರಗಣ ಕಡಲಿಗೆ ಕಾಣುವಂತಿಲ್ಲ. ನೀರು ದಡದವರೆಗೂ ಆಳ. ಹಡಗನ್ನು ದಡಕ್ಕೇ ತಂದು ಬಿಗಿಯಬಹುದು. 1671ರ ಹೊತ್ತಿಗಾಗಲೇ ಹಡಗುಗಳು ಇದನ್ನು ಪ್ರವೇಶಿಸಿದುದಕ್ಕೆ ದಾಖಲೆಯುಂಟು. 1723ರ ಸೆಪ್ಟೆಂಬರಿನಲ್ಲಿ ಇದರ ಮಹಿಮೆ ಎಲ್ಲರಿಗೂ ತಿಳಿಯಿತು. ಆ ತಿಂಗಳ ಹರಿಕೇನಿನಲ್ಲಿ ಆಂಟಿಗ್ವದ ಬೇರೆ ಬೇರೆ ರೇವುಗಳಲ್ಲಿದ್ದ 35 ಹಡಗುಗಳು ದಡಕ್ಕೆ ಎಸೆಯಲ್ಪಟ್ಟವು; ಇಂಗ್ಲಿಷ್ ಹಾರ್ಬರಿನಲ್ಲಿ ಕಟ್ಟಿದ್ದ ಹೆಕ್ಟರ್ ಮತ್ತು ವಿಂಚೆಲ್ಸಿ ಎಂಬ ಎರಡು ಯುದ್ಧದ ಹಡಗುಗಳಿಗೆ ಯಾವ ಹಾನಿಯೂ ತಟ್ಟಲಿಲ್ಲ. ಇದಕ್ಕಿಂತ ಪ್ರಬಲವಾದ ಪ್ರಮಾಣ ಯಾರಿಗೆ ಬೇಕು?

1728ರಲ್ಲಿ ಕೊಲ್ಲಿಯ ಪೂರ್ವದ ದಡದಲ್ಲಿ ಚಿಕ್ಕದೊಂದು ನೌಕಾಂಗಣವಾಯಿತು. 1740ರಿಂದೀಚೆಗೆ ಪಶ್ಚಿಮದ ದಡದಲ್ಲಿ ಉಗ್ರಾಣಗಳೂ ಕಮ್ಮಟಗಳೂ ಎದ್ದವು. ಹಡಗುಗಳು ಇಲ್ಲಿ ಸುಮ್ಮನೆ ನಿಂತಿರುತ್ತಿದ್ದವೆಂದು ತಿಳಿಯಬಾರದು. ಬಿಸಿನೀರಿನ ಕಡಲಿನಲ್ಲಿ ಮರ ಕೊರೆಯುವ ಹುಳುಗಳು ಹಡಗಿನ ತಳವನ್ನು ಜರಡಿಯಂತೆ ಮಾಡಿಬಿಡುತ್ತವೆ. ಪಾಚಿಯೂ ಚಿಪ್ಪುಗಳೂ ಬೆಳೆದು ವೇಗವನ್ನು ತಗ್ಗಿಸುತ್ತವೆ. ಆದುದರಿಂದ ಫಿರಂಗಿಗಳನ್ನೂ ಸಾಮಾನುಗಳನ್ನೂ ಇಳಿಸಿ, ಕೂವೆಮರಗಳಿಗೆ ಹಗ್ಗ ಬಿಗಿದು, ದಡದ ಮೇಲಣ ದೊಡ್ಡ ರಾಟೆಗಳನ್ನು ಹಲವಾರು ಜನ ಸುತ್ತಿ ನಡೆದು ತಿರುಗಿಸುತ್ತಿದ್ದರು. ಹಡಗು ಒಂದು ಮಗ್ಗುಲಿಗೆ ಮಲಗಿ ತಳ ಮೇಲೆ ಬರುತ್ತಿತ್ತು. ಆಗ ಅದನ್ನು ಕೆರೆದು, ಸುಟ್ಟು, ಸಂದುಗಳಿಗೆ ನಾರು ತುರುಕಿ, ರಾಳ ಬಳಿಯುತ್ತಿದ್ದರು. ಗಾಳಿಯ ಭಯದಿಂದ ನಿಂತ ಕಾಲವೇ ದುರಸ್ತಿಯ ಕಾಲವೂ ಆಯಿತು. ಸ್ವದೇಶಕ್ಕೆ ಹೋಗದೆ ಅಲ್ಲಿಯೇ ನಿಲ್ಲಬಲ್ಲ ನೌಕಾಬಲಕ್ಕೂ, ಋತುವಿಗೊಮ್ಮೆ ಹೋಗಿ ಬರುವ ನೌಕಾಬಲಕ್ಕೂ ಇರುವ ಅಂತರವನ್ನು ಯುದ್ಧಶಾಸ್ತ್ರವನ್ನು ಅರಿಯದವರೂ ಊಹಿಸಬಹುದು.

ಮರೆಯಿಲ್ಲದವರ ಗತಿ ಏನಾಗುತ್ತಿತ್ತೆಂಬುದನ್ನು 1780ರ ಅಕ್ಟೋಬರ್ ತೋರಿಸಿತು. ಬಾರ್ಬಡೋಸ್, ಸೇಂಟ್ ಲೂಸಿಯ, ಮಾರ್ಟಿನೀಕ್ ದ್ವೀಪಗಳ ಮೇಲೆ ಆಗ ಹಾದುಹೋದ ಮಹಾ ಹರಿಕೇನಿನಿಂದ ಸುಮಾರು 22,000 ಜನ ಸತ್ತರೆಂದು ಅಂದಾಜು. ಅಟ್ಲಾಂಟಿಕ್ಕಿನ ಚರಿತ್ರೆಯಲ್ಲಿ ಇದಕ್ಕಿಂತ ಹೆಚ್ಚು ಜೀವಗಳನ್ನು ಬಲಿಗೊಂಡ ಹರಿಕೇನ್ ಬೇರೊಂದಿಲ್ಲ. ಪರಸ್ಪರ ಯುದ್ಧದಲ್ಲಿದ್ದ ಬ್ರಿಟಿಷರ ಹಡಗುಗಳನ್ನೂ ಫ್ರೆಂಚರ ಹಡಗುಗಳನ್ನೂ ಅದು ಸಮಭಾವದಿಂದ ನುಂಗಿತು.

ಹೀಗೆ ಹಡಗುಗಳನ್ನು ಕಾಪಾಡಿದ ಕೊಲ್ಲಿ ಮನುಷ್ಯರನ್ನು ಕಾಪಾಡಿತೆ? ಇಲ್ಲಿ ನಾವು ತಡೆದು ನಿಲ್ಲಬೇಕು. ಆ ಕಲ್ಲಿನ ಕಟ್ಟಡಗಳನ್ನು ಎಬ್ಬಿಸಿದವರು ಆಫ್ರಿಕದಿಂದ ಹಿಡಿದು ತರಲ್ಪಟ್ಟ ಗುಲಾಮರು ಮತ್ತು ಅವರ ಸಂತತಿ. ಸುತ್ತಣ ಕಬ್ಬಿನ ತೋಟಗಳ ಒಡೆಯರು ಅವರನ್ನು ಈ ಕೆಲಸಕ್ಕೆ ಕಳುಹಿಸುತ್ತಿದ್ದರು. ಬಡಗಿಗಳಾಗಿ, ಕಲ್ಲುಕುಟಿಗರಾಗಿ, ಕಮ್ಮಾರರಾಗಿ ನುರಿತ ಕೆಲಸವನ್ನೂ ಅವರು ಮಾಡಿದರು. ಯಾವ ಸಕ್ಕರೆಯ ವ್ಯಾಪಾರ ಅವರನ್ನು ಸೆರೆಯಲ್ಲಿಟ್ಟಿತೋ ಅದನ್ನು ಕಾಯುವ ಹಡಗುಗಳಿಗೆ ಅವರೇ ಆಶ್ರಯ ನಿರ್ಮಿಸಬೇಕಾಯಿತು. ಆಂಟಿಗ್ವದಲ್ಲಿ ಅವರಿಗೆ ಬಿಡುಗಡೆಯಾದುದು 1834ರಲ್ಲಿ.

ಹಡಗಿನವರ ಸ್ಥಿತಿಯೂ ಸುಖವಾದುದಲ್ಲ. ಬಿರುಗಾಳಿಯನ್ನು ತಡೆದ ಗುಡ್ಡಗಳೇ ತಂಗಾಳಿಯನ್ನೂ ತಡೆದವು. ಮಳೆಯ ತಿಂಗಳುಗಳಲ್ಲಿ, ಸೆಕೆಯಲ್ಲಿ, ಅಲುಗದ ನೀರಿನ ಮೇಲೆ ನೂರಾರು ಜನ ಒತ್ತಾಗಿ ಕಾಲ ಕಳೆಯುತ್ತಿದ್ದರು. ಆಂಟಿಗ್ವದಲ್ಲಿ ವರ್ಷವೆಲ್ಲ ಹರಿಯುವ ಹೊಳೆಗಳಿಲ್ಲ. ಮಳೆಯ ನೀರನ್ನು ತೊಟ್ಟಿಗಳಲ್ಲಿಯೂ ಪೀಪಾಯಿಗಳಲ್ಲಿಯೂ ಕೂಡಿಡಬೇಕು. ಹಳದಿ ಜ್ವರವನ್ನು ಹರಡುವ ಸೊಳ್ಳೆಗೆ ಇಂಥ ನೀರೇ ತೊಟ್ಟಿಲು. ಆ ಕಾಲದವರು ಇದನ್ನು ತಿಳಿಯದೆ ಕೆಟ್ಟ ಗಾಳಿಯನ್ನು ದೂರಿದರು. ಕಡಲಿನಲ್ಲಿ ಸಾಯದೆ ಉಳಿದ ಎಷ್ಟೋ ನಾವಿಕರು ಬಂದರಿನಲ್ಲಿ ಜ್ವರದಿಂದ ಸತ್ತರು. 1784ರಲ್ಲಿ ಬೋರಿಯಾಸ್ ಎಂಬ ಹಡಗಿನ ನಾಯಕನಾಗಿ ಇಲ್ಲಿಗೆ ಬಂದ 25 ವಯಸ್ಸಿನ ಹೊರೇಷಿಯೋ ನೆಲ್ಸನ್ ಈ ತಾಣವನ್ನು ಬಹುವಾಗಿ ಹಳಿದನು. 1787ರಲ್ಲಿ ಅವನು ಹಿಂದಿರುಗುವಾಗ ದೇಹ ಜರ್ಝರಿತವಾಗಿತ್ತು. ಅವನು ಶಪಿಸಿದ ಸ್ಥಳಕ್ಕೇ ಈಗ ಅವನ ಹೆಸರಿರುವುದು ಕಾಲದ ವಿನೋದ.

ಈ ಎರಡು ಮೃತ್ಯುಗಳ ಗುಟ್ಟೂ ತಿಳಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಮೆರಿಕದ ರೆಡ್‌ಫೀಲ್ಡನು 1821ರ ಬಿರುಗಾಳಿಗೆ ಉರುಳಿದ ಮರಗಳ ದಿಕ್ಕನ್ನು ನೋಡಿ ಗಾಳಿ ಸುಳಿಯಾಗಿ ಸುತ್ತುವುದೆಂದು ತರ್ಕಿಸಿದನು. 1831ರ ಹರಿಕೇನಿನಿಂದ ಹಾಳಾದ ಬಾರ್ಬಡೋಸಿಗೆ ಹೋದ ವಿಲಿಯಂ ರೀಡ್ ಎಂಬ ಎಂಜಿನಿಯರನು ಹಡಗುಗಳ ದಿನಚರಿಗಳನ್ನು ಕೂಡಿಸಿ 1838ರಲ್ಲಿ ಬಿರುಗಾಳಿಗಳ ನಿಯಮವನ್ನು ಕುರಿತು ಗ್ರಂಥ ಬರೆದನು. ಗಾಳಿಗೆ ಮುಖವೊಡ್ಡಿ ನಿಂತರೆ ಸುಳಿಯ ನಡುವು ಬಲಗಡೆಗೆ ಇರುವುದೆಂಬ ಸೂತ್ರ ಉತ್ತರಾರ್ಧಗೋಳದ ನಾವಿಕನಿಗೆ ದೀಪವಾಯಿತು. ಇದೇ ವಿಚಾರವನ್ನು ಮುಂದುವರಿಸಿದ ಹೆನ್ರಿ ಪಿಡಿಂಗ್ಟನ್ 1848ರಲ್ಲಿ ನಮ್ಮ ಕಲ್ಕತ್ತೆಯಲ್ಲಿದ್ದುಕೊಂಡು ಸೈಕ್ಲೋನ್ ಎಂಬ ಹೆಸರನ್ನು ಲೋಕಕ್ಕೆ ಕೊಟ್ಟನು. ಕ್ಯೂಬದ ಹವಾನ ನಗರದಲ್ಲಿ ಪಾದ್ರಿ ಬೆನಿಟೊ ವಿನ್ಯೆಸ್ ಎತ್ತರದ ಮೋಡಗಳ ಗತಿಯನ್ನು ಗಮನಿಸಿ 1875ರ ಸೆಪ್ಟೆಂಬರಿನಲ್ಲಿ ಹರಿಕೇನಿನ ಮುನ್ಸೂಚನೆಯನ್ನು ಪ್ರಕಟಿಸಿದನು. ಅದೇ ಹವಾನದಲ್ಲಿ ವೈದ್ಯ ಕಾರ್ಲೋಸ್ ಫಿನ್ಲೆ ಹಳದಿ ಜ್ವರಕ್ಕೆ ಸೊಳ್ಳೆಯೇ ವಾಹಕವೆಂದು 1881ರಲ್ಲಿ ಸಾರಿದನು; 1900ರಲ್ಲಿ ವಾಲ್ಟರ್ ರೀಡನ ಮಂಡಲಿ ಅದನ್ನು ಸ್ಥಿರಪಡಿಸಿತು. ಬಿರುಗಾಳಿಯಿಂದ ಪಾರಾಗುವ ಬಗೆಯನ್ನೂ ಜ್ವರದಿಂದ ಪಾರಾಗುವ ಬಗೆಯನ್ನೂ ಒಂದೇ ಊರು ಕಲಿಸಿತು.

ಹಬೆಯ ಹಡಗುಗಳು ಬಂದ ಮೇಲೆ ಇಂಗ್ಲಿಷ್ ಹಾರ್ಬರ್ ತನ್ನ ಪ್ರಾಮುಖ್ಯವನ್ನು ಕಳೆದುಕೊಂಡಿತು. 1889ರಲ್ಲಿ ನೌಕಾಬಲ ಅದನ್ನು ತ್ಯಜಿಸಿತು; ಉಗ್ರಾಣಗಳು ಪಾಳುಬಿದ್ದವು. 1951ರಿಂದ ಜೀರ್ಣೋದ್ಧಾರ ನಡೆದು, 1961ರಲ್ಲಿ ಅದು ಮತ್ತೆ ತೆರೆಯಿತು. 2016ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಈಗ ಅಲ್ಲಿ ನಿಲ್ಲುವವು ವಿಹಾರದ ನಾವೆಗಳು.

ಆ ನಾವೆಗಳ ಒಡೆಯರ ಚಿಂತೆ ಮಾತ್ರ ಹಳೆಯದೇ. ಅವರಲ್ಲಿ ಕೆಲವರು ಋತುವಿಗೆ ಮುನ್ನ ದಕ್ಷಿಣಕ್ಕೆ ಹೋಗುತ್ತಾರೆ. ಕೆಲವರು ನಾವೆಯನ್ನು ನೆಲದ ಮೇಲೆತ್ತಿ ಪಟ್ಟಿಗಳಿಂದ ಬಿಗಿಯುತ್ತಾರೆ. ಕೆಲವರು ಕಾಂಡ್ಲಾ ಕಾಡುಗಳ ನಡುವಣ ಸಣ್ಣ ಕಾಲುವೆಗಳನ್ನು ಹೊಕ್ಕು, ಬೇರುಗಳಿಗೆ ಹತ್ತಾರು ಹಗ್ಗಗಳನ್ನು ಕಟ್ಟುತ್ತಾರೆ. ಕಾಂಡ್ಲಾ ಬೇರು ಅಲೆಯನ್ನು ಮುರಿಯುತ್ತದೆ. ಕೆಸರು ಲಂಗರನ್ನು ಹಿಡಿಯುತ್ತದೆ. ಆದರೂ ಯಾವ ತಾಣವೂ ಶಾಶ್ವತವಾದ ಅಭಯವನ್ನು ಕೊಟ್ಟಿಲ್ಲ. 1995ರ ಸೆಪ್ಟೆಂಬರಿನಲ್ಲಿ ಸೇಂಟ್ ಮಾರ್ಟಿನ್ ದ್ವೀಪದ ಸಿಂಪ್ಸನ್ ಬೇ ಎಂಬ ಹಿನ್ನೀರಿನಲ್ಲಿ ಸಾವಿರಕ್ಕೂ ಮಿಗಿಲಾದ ನಾವೆಗಳು ಆಶ್ರಯ ಪಡೆದಿದ್ದವು. ಸುತ್ತಲೂ ನೆಲವಿದ್ದರೂ ಒಳಗಣ ನೀರಿನ ಹರವು ದೊಡ್ಡದು. ಲೂಯಿಸ್ ಹರಿಕೇನಿಗೆ ಅಲ್ಲಿಯೇ ಅಲೆಗಳೆದ್ದವು. ಲಂಗರು ಕಿತ್ತ ಒಂದು ನಾವೆ ಮತ್ತೊಂದನ್ನು ಎಳೆದುಕೊಂಡು ಹೋಗಿ ಬಹುಪಾಲು ನಾಶವಾದವು. ದಕ್ಷಿಣದ ಗ್ರೆನಡ ದ್ವೀಪ ಹರಿಕೇನಿನ ಹಾದಿಗೆ ಹೊರಗೆಂದು ನಂಬಿ ವಿಮೆಯ ಸಂಸ್ಥೆಗಳೂ ನಾವೆಗಳನ್ನು ಅಲ್ಲಿಗೆ ಹೋಗಗೊಟ್ಟಿದ್ದವು. 2004ರ ಸೆಪ್ಟೆಂಬರಿನಲ್ಲಿ ಐವಾನ್ ಅಲ್ಲಿಗೇ ಬಂದಿತು. 2024ರ ಜುಲೈ 1ರಂದು ಬೆರಿಲ್ ಹರಿಕೇನ್ ಋತುವಿನ ಆರಂಭದಲ್ಲಿಯೇ ಕ್ಯಾರಿಯಾಕೂ ದ್ವೀಪವನ್ನು ಅಪ್ಪಳಿಸಿದಾಗ ಟಿರೆಲ್ ಕೊಲ್ಲಿಯ ಕಾಂಡ್ಲಾ ಕಾಡಿನಲ್ಲಿ ಅವಿತಿದ್ದ ನಾವೆಗಳೂ ಉಳಿಯಲಿಲ್ಲ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಒಂದು ವಿವೇಕ ದೊರೆಯುತ್ತದೆ. ಕ್ಷೇಮವಾದ ನೆಲೆ ಯಾವುದೆಂದು ಕೇಳುವವನು ಮೂರು ಮಾತುಗಳನ್ನು ವಿಚಾರಿಸಬೇಕು. ಇದು ಯಾವ ದಿಕ್ಕಿನ ಗಾಳಿಗೆ ಮರೆ, ಯಾವ ದಿಕ್ಕಿಗೆ ತೆರೆದುದು? ನನ್ನೊಡನೆ ಇಲ್ಲಿ ಎಷ್ಟು ಜನ ನಿಂತಿದ್ದಾರೆ, ಅವರ ಹಗ್ಗಗಳು ಎಷ್ಟು ಗಟ್ಟಿ? ಈ ನೆಲೆಯನ್ನು ಕಟ್ಟಿದವರು ಯಾರು, ಇದರೊಳಗೆ ಬದುಕಬೇಕಾದವರ ಗತಿಯೇನು? ಮೊದಲನೆಯದನ್ನು ನಾವಿಕರು ಬೇಗ ಕಲಿತರು. ಎರಡನೆಯದನ್ನು ಪೆಟ್ಟು ತಿಂದು ಕಲಿಯುತ್ತಿದ್ದಾರೆ. ಮೂರನೆಯದನ್ನು ಇಂಗ್ಲಿಷ್ ಹಾರ್ಬರಿನ ಒಡೆಯರು ಬಹುಕಾಲ ಕೇಳಲೇ ಇಲ್ಲ. ಹಡಗನ್ನು ಉಳಿಸುವ ಮರೆ ಹಡಗಿನ ಜನವನ್ನೂ ದಡದ ಜನವನ್ನೂ ಉಳಿಸಿದಾಗ ಮಾತ್ರ ಅದಕ್ಕೆ ಬಂದರೆಂಬ ಹೆಸರು ಸಾರ್ಥಕವಾಗುವುದು.