ಫೋಲಿಕ್ ಆಮ್ಲ: ಊಟದ ಲೆಕ್ಕವೂ ರಕ್ತದ ಸಾಕ್ಷ್ಯವೂ

ಬಿ ಗುಂಪಿನ ಜೀವಸತ್ತ್ವಗಳಲ್ಲೊಂದಾದ ಫೋಲಿಕ್ ಆಮ್ಲವು ವಯಸ್ಕರ ದೇಹದಲ್ಲಿ ಸಾಕಷ್ಟಿದೆಯೇ ಎಂಬುದನ್ನು ಆಹಾರದ ವಿಚಾರಣೆಯಿಂದಲೂ ರಕ್ತಪರೀಕ್ಷೆಯಿಂದಲೂ ನಿರ್ಣಯಿಸುವುದುಂಟು. ಈ ಎರಡು ಸಾಕ್ಷ್ಯಗಳು ಎಷ್ಟೋ ವೇಳೆ ಒಂದನ್ನೊಂದು ಒಪ್ಪುವುದಿಲ್ಲ. ಅದರ ಕಾರಣವನ್ನು ಈ ಜೀವಸತ್ತ್ವದ ಇತಿಹಾಸದಲ್ಲಿಯೇ ನಾವು ಕಾಣಬಹುದಾಗಿದೆ.

ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಮುಂಬಯಿಗೆ ಬಂದಾಗ ಈ ವಸ್ತುವಿಗೆ ಹೆಸರೇ ಇರಲಿಲ್ಲ. ಅಲ್ಲಿಯ ಬಡ ಗರ್ಭಿಣಿಯರಲ್ಲಿ ತೀವ್ರ ರಕ್ತಹೀನತೆಯೊಂದು ಕಾಣಿಸುತ್ತಿತ್ತು. ಅವರ ಕೆಂಪು ರಕ್ತಕಣಗಳು ಸಂಖ್ಯೆಯಲ್ಲಿ ಕಡಮೆ, ಗಾತ್ರದಲ್ಲಿ ದೊಡ್ಡವು. ಆಕೆ ಅವರ ಊಟವನ್ನು ವಿಚಾರಿಸಿ, ಯೀಸ್ಟಿನ ಸಾರವಾದ ಮಾರ್ಮೈಟ್ ಕೊಟ್ಟು, ರೋಗ ಗುಣವಾದುದನ್ನು 1931ರಲ್ಲಿ ಪ್ರಕಟಿಸಿದರು. ಆಗಿನ ಪರೀಕ್ಷೆಯೆಂದರೆ ಇಷ್ಟೇ: ಊಟವನ್ನು ತಿದ್ದಿ, ರಕ್ತ ಸರಿಹೋಯಿತೇ ಎಂದು ನೋಡುವುದು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಆ ವಸ್ತುವನ್ನು ಬೇರ್ಪಡಿಸಿದ ಅಮೆರಿಕದ ವಿಜ್ಞಾನಿಗಳು, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು.

ಇದನ್ನು ರಕ್ತದಲ್ಲಿ ಅಳೆಯಲು ನೆರವಾದುದು ಒಂದು ಸೂಕ್ಷ್ಮಜೀವಿ. ಫೋಲಿಕ್ ಆಮ್ಲವಿಲ್ಲದೆ ಲ್ಯಾಕ್ಟೋಬ್ಯಾಸಿಲಸ್ ಕೇಸಿಯೈ ಬೆಳೆಯದು. ಆದುದರಿಂದ ಅದರ ಬೆಳವಣಿಗೆಯೇ ಅಳತೆಗೋಲಾಯಿತು. ಈ ಅಳತೆ ಕೈಗೆ ಬಂದಮೇಲೆ, 1961ರಲ್ಲಿ, ಬಾಸ್ಟನ್ನಿನ ವೈದ್ಯ ವಿಕ್ಟರ್ ಹರ್ಬರ್ಟ್ ತಮ್ಮ ದೇಹವನ್ನೇ ಪ್ರಯೋಗಕ್ಕೆ ಒಡ್ಡಿದರು. ಮೂರು ಸಲ ಬೇಯಿಸಿ, ಪ್ರತಿಸಲವೂ ನೀರನ್ನು ಚೆಲ್ಲಿದ ಆಹಾರವನ್ನು ಅವರು ನಾಲ್ಕೂವರೆ ತಿಂಗಳು ಉಂಡರು. (ಸೊಪ್ಪು ಕಾಳುಗಳ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಗೃಹಿಣಿಯರು ಈ ಪಾಕಕ್ರಮವನ್ನು ಕಂಡು ನಕ್ಕಾರು!) ಫೋಲಿಕ್ ಆಮ್ಲವೊಂದನ್ನುಳಿದು ಬೇರೆ ಜೀವಸತ್ತ್ವಗಳನ್ನು ಅವರು ಸೇವಿಸುತ್ತಲೇ ಇದ್ದರು.

ಮೂರು ವಾರಗಳಲ್ಲಿಯೇ ರಕ್ತದ್ರವದಲ್ಲಿ ಅದರ ಪ್ರಮಾಣ ಇಳಿಯಿತು. ಕೆಂಪು ಕಣಗಳಲ್ಲಿ ಇಳಿದುದು ಸುಮಾರು 18ನೆಯ ವಾರದಲ್ಲಿ. 19ನೆಯ ವಾರ ಅಸ್ಥಿಮಜ್ಜೆ ವಿಕಾರಗೊಂಡಿತು. ಅಷ್ಟರಲ್ಲಿ ಅವರಿಗೆ ನಿದ್ರೆಯಿಲ್ಲ, ಮರೆವು, ಸಿಡುಕು. ಕಣಕ್ಕೆ ಈ ಆಮ್ಲವು ಸೇರುವುದು ಅದು ಮಜ್ಜೆಯಲ್ಲಿ ಹುಟ್ಟುವಾಗ. ಅದರ ಆಯುಸ್ಸು ಸುಮಾರು 120 ದಿನ. ಆದುದರಿಂದ ರಕ್ತದ್ರವವು ಈಚಿನ ಊಟವನ್ನೂ ಕಣವು ಕಳೆದ ಮೂರು ನಾಲ್ಕು ತಿಂಗಳ ಸ್ಥಿತಿಯನ್ನೂ ಹೇಳುತ್ತವೆ. ನಿನ್ನೆ ಮೊನ್ನೆ ಏನು ಉಂಡಿರಿ ಎಂದು ಕೇಳಿ ಬರೆದ ಪಟ್ಟಿ ಕಣದ ಅಳತೆಯೊಡನೆ ತಾಳೆಯಾಗದಿದ್ದರೆ, ಎರಡರಲ್ಲೊಂದು ಸುಳ್ಳೆನ್ನುವುದು ಆತುರದ ಮಾತು. ಬಿ12ರ ಕೊರತೆಯಿದ್ದರೂ ಕಣದ ಅಳತೆ ಇಳಿಯುವುದರಿಂದ ಅದನ್ನೂ ಜೊತೆಯಲ್ಲಿ ಪರೀಕ್ಷಿಸಬೇಕಾಗುತ್ತದೆ.

ಹರ್ಬರ್ಟರ ಈ ವಾರಗಳ ಲೆಕ್ಕ ಪಠ್ಯಗ್ರಂಥಗಳನ್ನು ಸೇರಿತು. ಅದನ್ನು ಸರ್ವರಿಗೂ ಅನ್ವಯಿಸುವುದು ನಮಗೆ ಒಪ್ಪಿಗೆಯಿಲ್ಲ. ಅದು ಒಬ್ಬ ವ್ಯಕ್ತಿಯ, ಅದರಲ್ಲಿಯೂ ಆರೋಗ್ಯವಂತನಾದ ಪುರುಷನ, ಲೆಕ್ಕ. 1971ರಲ್ಲಿ ಐಕ್ನರ್ ಮತ್ತು ಸಂಗಡಿಗರು, ಸಂಗ್ರಹ ಮೊದಲೇ ಬರಿದಾಗಿದ್ದ ಮದ್ಯವ್ಯಸನಿಗಳಲ್ಲಿ ಮಜ್ಜೆಯ ವಿಕಾರವು ಬಹು ಬೇಗ ತಲೆದೋರುವುದನ್ನು ತೋರಿಸಿದರು. ಮುಂಬಯಿಯ ಆ ಗರ್ಭಿಣಿಯರ ಸಂಗ್ರಹವೂ ಅಲ್ಪವೇ ಇದ್ದಿರಬೇಕು. ಬೆಳೆಯುವ ಶಿಶುವಿಗೂ ಅದರಲ್ಲಿ ಪಾಲು. ಬಾಸ್ಟನ್ನಿನ 19 ವಾರಗಳ ಅವಧಿ ಅವರಿಗೆ ದೊರೆತಿರಲಾರದು.