‘ಯೂಸ್ ಅಪ್’ ಪ್ರಯೋಗದ ‘ಅಪ್’: ಕನ್ನಡದ ಸಹಾಯಕ ಕ್ರಿಯಾಪದಗಳ ಮೂಲಕ ಒಂದು ವಿವರಣೆ

ಕ್ರಿಯಾಪದದ ಜೊತೆ ಅಪ್, ಆಫ್, ಔಟ್‌ನಂಥ ಕಿರುಪದ ಸೇರಿ ಅರ್ಥ ಬದಲಾಗುವ ಇಂಗ್ಲಿಷ್ ಪ್ರಯೋಗಗಳು ಪರಭಾಷಿಕರಿಗೆ ಬಹು ತೊಡಕಿನವೆಂಬುದನ್ನು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ ಗುರುತಿಸಿದ್ದ. ಇಂದು ಫ್ರೇಸಲ್ ವರ್ಬ್ ಎನಿಸಿಕೊಂಡಿರುವ ಇವುಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದು ರೂಢಿ. ‘ಯೂಸ್ ಅಪ್’ ಎಂಬ ನಿತ್ಯಬಳಕೆಯ ರೂಪವೊಂದನ್ನೇ ಪರಿಶೀಲಿಸಿದರೂ ಈ ರೂಢಿ ಸಾಲದೆಂಬುದು ಗೊತ್ತಾಗುತ್ತದೆ. ಇಲ್ಲಿನ ‘ಅಪ್’ ದಿಕ್ಕನ್ನು ಹೇಳುವುದಿಲ್ಲ. ಕ್ರಿಯೆ ಕೊನೆ ಮುಟ್ಟಿತೆಂದು ಹೇಳುತ್ತದೆ. ಅದೇ ಕೆಲಸವನ್ನು ಕನ್ನಡದಲ್ಲಿ ಬಿಡು, ಹೋಗು ಎಂಬ ಸಹಾಯಕ ಕ್ರಿಯಾಪದಗಳು ಮಾಡುತ್ತವೆ. ಕನ್ನಡಿಗರಿಗೆ ಇದನ್ನು ಕಲಿಸಲು ಹೊರಡಬೇಕಾದದ್ದು ಅಲ್ಲಿಂದಲೇ ಎಂಬುದು ಈ ಲೇಖನದ ವಾದ.

ಎಣ್ಣೆಯನ್ನು ‘ಯೂಸ್’ ಮಾಡಿದರೆ ಡಬ್ಬದಲ್ಲಿ ಇನ್ನಷ್ಟು ಉಳಿದಿರಬಹುದು; ‘ಯೂಸ್ ಅಪ್’ ಮಾಡಿದರೆ ಡಬ್ಬ ಬರಿದು. ಬಾಣಲೆಯನ್ನು ಎಷ್ಟು ಸಲ ಬಳಸಿದರೂ ಅದು ಕರಗುವುದಿಲ್ಲವಾದ್ದರಿಂದ ಅದಕ್ಕೆ ‘ಯೂಸ್ ಅಪ್’ ಹೊಂದದು. ‘ಎಣ್ಣೆ ಖರ್ಚಾಯಿತು’, ‘ಎಣ್ಣೆ ಖರ್ಚಾಗಿಹೋಯಿತು’ ಎಂಬ ಮಾತುಗಳ ನಡುವೆಯೂ ಇಂಥದೇ ಅಂತರವಿದೆ. ತಂತಿಯ ಮೇಲಿನ ಬಟ್ಟೆ ಒಣಗುವುದಕ್ಕೆ ಇಂಗ್ಲಿಷಿನಲ್ಲಿ ‘ಡ್ರೈ’ ಸಾಕು. ಕೆರೆ ಬತ್ತಿಹೋದರೆ ‘ಡ್ರೈ ಅಪ್’. ಕಾಲಸೂಚಕಗಳೂ ಇದನ್ನೇ ಸಮರ್ಥಿಸುತ್ತವೆ: ‘ಹತ್ತು ನಿಮಿಷದಲ್ಲಿ ಹಣ್ಣು ತಿಂದುಬಿಟ್ಟ’ ಸಹಜ, ‘ಹತ್ತು ನಿಮಿಷದವರೆಗೆ ಹಣ್ಣು ತಿಂದುಬಿಟ್ಟ’ ಅಸಹಜ. ‘ಈಟ್ ಅಪ್’ ಕೂಡ ‘ಇನ್ ಟೆನ್ ಮಿನಿಟ್ಸ್’ ಜೊತೆ ಹೊಂದುತ್ತದೆ, ‘ಫಾರ್ ಟೆನ್ ಮಿನಿಟ್ಸ್’ ಜೊತೆ ಹೊಂದದು.

ಈ ಹೋಲಿಕೆ ಅರ್ಧಂಬರ್ಧವೆಂಬ ಆಕ್ಷೇಪ ಬರಬಹುದು. ‘ಬಿಡು’ ಹಠಾತ್ತನ್ನೂ ನಿರ್ಧಾರವನ್ನೂ ಸೂಚಿಸುತ್ತದೆ. ‘ಹೇಳಿಬಿಡು’ ಎಂಬುದನ್ನು ‘ಟೆಲ್ ಅಪ್’ ಎನ್ನಲಾಗದು. ‘ಗಿವ್ ಅಪ್’ನಂಥ ರೂಪಗಳಿಗೂ ಈ ದಾರಿ ಸಾಲದು. ಇದು ನಿಜ. ಆದರೆ ಇಲ್ಲಿನ ವಾದ ಮುಕ್ತಾಯಸೂಚಕ ‘ಅಪ್’ನ ಗುಂಪಿಗೆ ಮಾತ್ರ ಸೀಮಿತ, ಅದರ ಅರ್ಥ ಹಿಡಿಯಲು ‘ಬಿಡು’ ನೆರವಾಗುತ್ತದೆ, ಹೊಸ ರೂಪ ಕಟ್ಟಲು ಅಲ್ಲ. ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಹೀಬ್ರೂ ಭಾಷಿಕರು ಫ್ರೇಸಲ್ ವರ್ಬ್‌ಗಳನ್ನು ತಪ್ಪಿಸುವುದಕ್ಕೆ ಅವರ ನುಡಿಯಲ್ಲಿ ಅಂಥ ರಚನೆ ಇಲ್ಲದಿರುವುದೇ ಕಾರಣವೆಂದು ಡಗುಟ್ ಮತ್ತು ಲಾಫರ್ 1985ರಲ್ಲಿ ವಾದಿಸಿದರು. ಆದರೆ ಅಂಥ ರಚನೆಯುಳ್ಳ ಡಚ್ ಭಾಷಿಕರೂ ಕೆಲವು ರೂಪಗಳನ್ನು, ತಮ್ಮ ನುಡಿಗಟ್ಟಿಗೆ ತೀರ ಹತ್ತಿರವೆಂಬ ಸಂಶಯದಿಂದ, ದೂರವಿಟ್ಟದ್ದನ್ನು 1989ರಲ್ಲಿ ಹುಲ್‌ಸ್ಟೈನ್ ಮತ್ತು ಮಾರ್ಚೇನಾ ತೋರಿಸಿದರು. ಹೋಲಿಕೆ ಇದ್ದಮಾತ್ರಕ್ಕೆ ಕಲಿಕೆ ಆಗದು ಎಂಬುದೇ ಇದರ ತಾತ್ಪರ್ಯ. ಅದನ್ನು ಬಿಡಿಸಿ ತೋರಿಸುವ ಅಗತ್ಯವನ್ನು ಇದು ಹೆಚ್ಚಿಸುತ್ತದೆಯೇ ಹೊರತು ಅಲ್ಲಗಳೆಯುವುದಿಲ್ಲ.

ಭೇದವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಕನ್ನಡದಲ್ಲಿ ಕಾಲಪ್ರತ್ಯಯ ಹತ್ತುವುದು ಸಹಾಯಕ ಕ್ರಿಯಾಪದಕ್ಕೆ, ಇಂಗ್ಲಿಷಿನಲ್ಲಿ ಮುಖ್ಯ ಕ್ರಿಯಾಪದಕ್ಕೆ. ‘ತಿಂದೇಬಿಟ್ಟ’ ಎಂಬಲ್ಲಿ ನಡುವೆ ನುಸುಳುವುದು ಅವಧಾರಣೆಯ ‘ಏ’ ಮಾತ್ರ, ಕರ್ಮಪದವಲ್ಲ. ಇಂಗ್ಲಿಷಿನಲ್ಲಿಯಾದರೋ ಕರ್ಮವು ಸರ್ವನಾಮವಾದರೆ ನಡುವೆ ಬರಲೇಬೇಕು: ‘ಯೂಸ್ ಇಟ್ ಅಪ್’ ಸರಿ, ‘ಯೂಸ್ ಅಪ್ ಇಟ್’ ತಪ್ಪು. ಪಠ್ಯಪುಸ್ತಕ ರಚಿಸುವವರು ‘ಯೂಸ್ ಅಪ್: ಮುಗಿಸು’ ಎಂದು ಬರೆದು ಕೈತೊಳೆದುಕೊಳ್ಳದೆ, ಎಣ್ಣೆ ಮತ್ತು ಬಾಣಲೆಯಂಥ ಜೋಡಿ ಉದಾಹರಣೆಗಳನ್ನೂ ಈ ಪದಕ್ರಮದ ನಿಯಮವನ್ನೂ ಒಂದೇ ಪಾಠದಲ್ಲಿ ಕೊಡಬೇಕು.