ಕರಾರಿನ ಕಟ್ಟು: ಮುಗ್ಗಟ್ಟಿನ ಕಾಲದ ಬೇಸ್‌ಬಾಲ್ ಮತ್ತು ಕರ್ನಾಟಕದ ಐಪಿಎಲ್ ಆಟಗಾರರು

ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡದ ಕಾನಿ ಮ್ಯಾಕ್ 1932ರಲ್ಲಿ ಆಲ್ ಸಿಮನ್ಸ್ ಸೇರಿ ಮೂವರನ್ನು ಶಿಕಾಗೋ ತಂಡಕ್ಕೆ ಮಾರಿದರು. ಮರುವರ್ಷ ಲೆಫ್ಟಿ ಗ್ರೋವ್, 1935ರಲ್ಲಿ ಜಿಮ್ಮಿ ಫಾಕ್ಸ್ ಬಾಸ್ಟನ್ ತಂಡದ ಪಾಲಾದರು. ಇವನ್ನೆಲ್ಲ ಮಹಾ ಆರ್ಥಿಕ ಕುಸಿತದ ಖಾತೆಗೆ ಬರೆಯುವುದು ವಾಡಿಕೆ. ಮ್ಯಾಕ್ ಏಕೆ ಮಾರಿದರು ಎಂಬುದಕ್ಕೆ ಆ ಉತ್ತರ ಸಾಕು. ಮಾರಾಟವಾದ ಆಟಗಾರನಿಗೆ ಬೆಲೆಯಲ್ಲಿ ಪಾಲೂ ಹೋಗುವ ಊರಿನ ಬಗ್ಗೆ ಮಾತೂ ಏಕಿರಲಿಲ್ಲ ಎಂಬುದಕ್ಕೆ ಸಾಲದು. ಅದಕ್ಕೆ ಕಾರಣ ‘ರಿಸರ್ವ್ ಕ್ಲಾಸ್’ ಎಂಬ ಷರತ್ತು: ಕರಾರಿನ ವರ್ಷ ಮುಗಿದರೂ ಆಟಗಾರನ ಮೇಲಿನ ಹಕ್ಕು ತಂಡದಲ್ಲೇ ಉಳಿಯುತ್ತಿತ್ತು. 1938ರಲ್ಲಿ ಜೋ ಡಿಮ್ಯಾಜಿಯೊ 40,000 ಡಾಲರ್ ಕೇಳಿ, ಆಡದೆ ಕುಳಿತು, ಕೊನೆಗೆ 25,000ಕ್ಕೆ ಒಪ್ಪಿದಾಗ ನ್ಯೂಯಾರ್ಕ್ ಯಾಂಕೀಸ್ ಬಡ ತಂಡವಾಗಿರಲಿಲ್ಲ. ಸತತ ಎರಡು ವರ್ಷ ವಿಶ್ವ ಸರಣಿ ಗೆದ್ದಿತ್ತು. ಕೊಳ್ಳುವವನು ಒಬ್ಬನೇ ಆಗಿದ್ದುದೇ ಅಲ್ಲಿ ನಿರ್ಣಾಯಕ.

ಸಂಬಳವನ್ನು ಕಟ್ಟಿಹಾಕಿದ್ದು ಬಡತನವಲ್ಲ, ನಿಯಮ ಎಂಬ ಈ ವಾದವನ್ನು ಪರೀಕ್ಷಿಸಲು ಹಣದ ಹೊಳೆ ಹರಿದ ಕಾಲವೊಂದು ಬೇಕು. ಐಪಿಎಲ್ ಅದನ್ನು ಒದಗಿಸಿದೆ, ಅದೂ ಕನ್ನಡನಾಡಿನ ಆಟಗಾರರ ಮೂಲಕವೇ. 2009ರಲ್ಲಿ ಬೆಂಗಳೂರು ತಂಡದ ಪರ 114 ರನ್ ಹೊಡೆದ ಮನೀಶ್ ಪಾಂಡೆ ಐಪಿಎಲ್‌ನಲ್ಲಿ ಶತಕ ಗಳಿಸಿದ ಮೊದಲ ಭಾರತೀಯ. ಆದರೆ ದೇಶದ ಪರ ಇನ್ನೂ ಆಡದವರಿಗೆ ಹರಾಜಿನಲ್ಲಿ ಪ್ರವೇಶವಿರಲಿಲ್ಲ. 2011ರಲ್ಲಿ ಅಂಥವರ ಸಂಬಳದ ಮೇಲ್ಮಿತಿ 30 ಲಕ್ಷ ರೂಪಾಯಿ. ಅದನ್ನು ಮೀರಿ ಹಣದ ಮಾತುಕತೆ ನಡೆಸಿದರೆಂದು ಪಾಂಡೆಯವರನ್ನು ಆ ವರ್ಷ ನಾಲ್ಕು ಪಂದ್ಯ ಹೊರಗಿಡಲಾಯಿತು. 2014ರಲ್ಲಿ ಇಂಥವರಿಗೂ ಹರಾಜು ತೆರೆದಾಗ, ಆಗಲೂ ದೇಶದ ಪರ ಆಡಿರದ ಅವರನ್ನು ಕೋಲ್ಕತ್ತ 1.70 ಕೋಟಿಗೆ ಕೊಂಡಿತು. ಮೂರು ವರ್ಷಗಳಲ್ಲಿ ಅವರ ಆಟ ಬೆಳೆದಿತ್ತು, ತಂಡಗಳ ಹಣವೂ ಹೆಚ್ಚಿತ್ತು ಎನ್ನಬಹುದು, ನಿಜ. ಆದರೂ ಐದು ಪಟ್ಟಿಗೂ ಮೀರಿದ ಏರಿಕೆಯನ್ನು ಇವೆರಡೇ ವಿವರಿಸಲಾರವು.

ಈ ಕಟ್ಟನ್ನು ಸಮರ್ಥಿಸುವವರು ಎರಡು ಮಾತು ಹೇಳುತ್ತಾರೆ. ಕಟ್ಟು ಸಡಿಲಿಸಿದರೆ ಸಿರಿವಂತ ತಂಡವೇ ಎಲ್ಲರನ್ನೂ ಬಾಚಿಕೊಳ್ಳುತ್ತದೆ ಎಂಬುದು ಒಂದು. ಇತಿಹಾಸ ಇದಕ್ಕೆ ವಿರುದ್ಧವಾಗಿದೆ: ಆ ಷರತ್ತು ಜಾರಿಯಲ್ಲಿದ್ದಾಗಲೇ ಬಾಸ್ಟನ್ನಿನ ಸಿರಿವಂತ ಒಡೆಯ ಟಾಮ್ ಯಾಕಿ ಗ್ರೋವ್, ಕ್ರೋನಿನ್, ಫಾಕ್ಸ್ ಮೂವರನ್ನೂ ಕೊಂಡರು, ಯಾಂಕೀಸ್ 1936ರಿಂದ 39ರವರೆಗೆ ನಾಲ್ಕೂ ವರ್ಷ ಗೆದ್ದಿತು. ಪ್ರತಿಭೆ ಹಣವಿದ್ದಲ್ಲಿಗೇ ಹೋಯಿತು, ಬೆಲೆ ಮಾತ್ರ ಒಡೆಯರ ಕೈ ಸೇರಿತು. ಐಪಿಎಲ್‌ನಲ್ಲಿ ಸಮತೋಲ ಇದ್ದರೆ ಅದು ಪ್ರತಿ ತಂಡದ ಒಟ್ಟು ವೆಚ್ಚಕ್ಕೆ ಹಾಕಿದ ಮಿತಿಯಿಂದ ಬಂದದ್ದು. ಆಟಗಾರನನ್ನು ಬೆಳೆಸಿದ ತಂಡಕ್ಕೆ ಅವನ ಮೇಲೆ ಹಕ್ಕುಂಟು ಎಂಬ ಎರಡನೆಯ ಮಾತು ಹೆಚ್ಚು ತೂಕದ್ದು. ಸೇಂಟ್ ಲೂಯಿಸ್‌ನ ಬ್ರಾಂಚ್ ರಿಕ್ಕಿ ಕಿರಿಯ ತಂಡಗಳ ಜಾಲ ಕಟ್ಟಿ ಹುಡುಗರನ್ನು ಪಳಗಿಸಿದ್ದರಿಂದ ಅವರ ಬಾಯಲ್ಲಿ ಈ ಮಾತಿಗೆ ಅರ್ಥವಿತ್ತು. ನಮ್ಮಲ್ಲಿ ಬೆಳೆಸಿದವರು ಯಾರು? ಹುಲಕೋಟಿ, ಅಣ್ಣಿಗೇರಿ ದಾಟಿ ಹುಬ್ಬಳ್ಳಿ ಮುಟ್ಟುವ ಹಾದಿಯಲ್ಲಿ ನಸುಕಿಗೇ ಅಭ್ಯಾಸಕ್ಕೆ ಹೋಗಿ, ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದ ಸುನಿಲ್ ಜೋಶಿಯವರನ್ನು ಬೆಳೆಸಿದ್ದು ಮನೆ, ಊರು, ರಾಜ್ಯ ಸಂಸ್ಥೆ. ಅವರು ಬೆಂಗಳೂರು ಫ್ರಾಂಚೈಸಿಗೆ ಆಡಿದ್ದು 15 ಟೆಸ್ಟ್, 69 ಏಕದಿನ ಪಂದ್ಯಗಳು ಮುಗಿದ ಎಷ್ಟೋ ವರ್ಷಗಳ ಮೇಲೆ.

ಇಂದು ಐಪಿಎಲ್‌ನಲ್ಲಿ ತಂಡದಿಂದ ತಂಡಕ್ಕೆ ಹಸ್ತಾಂತರಕ್ಕೆ ಆಟಗಾರನ ಒಪ್ಪಿಗೆ ಕಡ್ಡಾಯ. 1930ರ ದಶಕಕ್ಕೆ ಹೋಲಿಸಿದರೆ ಇದು ದೊಡ್ಡ ಮುನ್ನಡೆ. ಆದರೆ ಒಪ್ಪಿಗೆಯ ಬೆಲೆ ನಿರಾಕರಿಸುವ ಶಕ್ತಿಯಲ್ಲಿದೆ. 2009ರಲ್ಲಿ ಜಹೀರ್ ಖಾನ್ ಬದಲಿಗೆ ಮುಂಬೈಯಿಂದ ಬೆಂಗಳೂರಿಗೆ ಬಂದ ಕೊಡಗಿನ ರಾಬಿನ್ ಉತ್ತಪ್ಪ, ಸಹಿ ಹಾಕದಿದ್ದರೆ ಆಡುವ ಹನ್ನೊಂದರಲ್ಲಿ ಜಾಗವಿಲ್ಲವೆಂದು ತಮಗೆ ಹೇಳಲಾಗಿತ್ತು ಎಂದು ವರ್ಷಗಳ ನಂತರ ಬಹಿರಂಗವಾಗಿ ಹೇಳಿದರು. ಬೆಂಚಿನಲ್ಲಿ ಕೂರಿಸುವ ಅಧಿಕಾರ ತಂಡದ ಕೈಯಲ್ಲಿರುವಾಗ ಒಬ್ಬಂಟಿ ಆಟಗಾರನ ಸಹಿಯನ್ನು ಸ್ವತಂತ್ರ ಒಪ್ಪಿಗೆ ಎನ್ನಲಾಗದು. ಅಮೆರಿಕದಲ್ಲಿ ನ್ಯಾಯಾಲಯಗಳೂ ಆಟಗಾರನ ನೆರವಿಗೆ ಬರಲಿಲ್ಲ. 1922ರಲ್ಲಿ ಸುಪ್ರೀಂ ಕೋರ್ಟು ಬೇಸ್‌ಬಾಲನ್ನು ಏಕಸ್ವಾಮ್ಯ ವಿರೋಧಿ ಕಾಯ್ದೆಯ ಹೊರಗಿಟ್ಟಿತು, 1972ರಲ್ಲೂ ಆ ತೀರ್ಪನ್ನು ಬದಲಿಸಲಿಲ್ಲ. ಷರತ್ತು ಮುರಿದದ್ದು 1975ರಲ್ಲಿ, ಆಟಗಾರರ ಸಂಘ ಮಧ್ಯಸ್ಥನ ಮುಂದೆ ಒಯ್ದ ದೂರಿನಿಂದ. ಹಸ್ತಾಂತರದ ಸಹಿ ಇಲ್ಲಿಯೂ ಅಂಥ ಸಂಘದ ಪ್ರತಿನಿಧಿಯ ಎದುರಿನಲ್ಲೇ ಆಗಬೇಕು. ಭಾರತೀಯ ಕ್ರಿಕೆಟಿಗರ ಸಂಘ 2019ರಲ್ಲಿ ಹುಟ್ಟಿತು. ಆದರೆ ಅದು ನಿವೃತ್ತರ ಸಂಘ, ಈಗ ಆಡುತ್ತಿರುವವರಿಗೆ ಅದರಲ್ಲಿ ಸದಸ್ಯತ್ವವಿಲ್ಲ.